ಹಳೆ ಬಾಗಿಲಿಗೆ ಒಪ್ಪುವ ಹಿತ್ತಾಳೆ ಚಿಲಕ

ಉಡುಪಿಯ ನಮ್ಮ ಹಳೆ ಮನೆಯ ಬಾಗಿಲು ಹಲಸಿನ ಮರದ್ದು, ಇನ್ನೂ ಗಟ್ಟಿಯಾಗಿದೆ. ಕೆಟ್ಟಿದ್ದು ಚಿಲಕ ಮಾತ್ರ. ಹಿಂದೆ ಯಾರೋ ಹಾಕಿಸಿದ್ದ ಹಿತ್ತಾಳೆ ಬಣ್ಣದ ಕಬ್ಬಿಣದ ಚಿಲಕ ಕಡಲ ಗಾಳಿಗೆ ತುಕ್ಕು ಹಿಡಿದು, ಮಳೆಗಾಲದಲ್ಲಿ ಎಳೆದರೂ ಬರುತ್ತಿರಲಿಲ್ಲ.

ಅದೇ ನಮೂನೆಯ, ಆದರೆ ಅಪ್ಪಟ ಹಿತ್ತಾಳೆಯ ಹೊಸ ಚಿಲಕ ಬೇಕಿತ್ತು. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡೆ. ಅಂಟಿದರೆ ಒಳಗೆ ಕಬ್ಬಿಣ ಇದೆ ಎಂದರ್ಥ. ಆದರೆ ಅಂಟಲಿಲ್ಲ ಅಂತ ಸುಮ್ನೆ ನಂಬಬೇಡಿ. ಸತುವಿನ ಎರಕಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅಂಗಡಿಯವರನ್ನು ಕೇಳಿ, ಹಿಂಬದಿಯಲ್ಲಿ ಅರದಿಂದ ಸ್ವಲ್ಪ ಉಜ್ಜಿ ನೋಡಿ. ಒಂದರಲ್ಲಿ ಹಳದಿ ಲೇಪದ ಕೆಳಗೆ ಬೂದುಬಣ್ಣ ಕಾಣಿಸಿತು. ಇನ್ನೊಂದು ಒಳಗೂ ಹಳದಿ, ಕೈಗೆ ಭಾರ. ಅದನ್ನೇ ತಂದೆ. ಬೆಲೆ ಜಾಸ್ತಿ, ಆದರೆ ಈ ಉಪ್ಪುಗಾಳಿಗೆ ಅದೇ ಸರಿ.

ಹಳೆ ಚಿಲಕವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ತೂತುಗಳನ್ನೂ ಗುರುತಿಸಿಕೊಂಡು ಹೋಗಿದ್ದೆ. ಹಾಗಾಗಿ ಮರಕ್ಕೆ ಹೊಸ ತೂತು ಕೊರೆಯುವ ಕೆಲಸವೇ ಬರಲಿಲ್ಲ. ಅಗಲವಾಗಿದ್ದ ಹಳೆ ತೂತುಗಳಿಗೆ ಬಿದಿರಿನ ಕಡ್ಡಿ, ಮರದ ಅಂಟು ತುಂಬಿಸಿದೆವು.

ಸ್ಕ್ರೂ ಕೂಡ ಹಿತ್ತಾಳೆಯದ್ದೇ ಇರಲಿ. ತೇವದಲ್ಲಿ ಹಿತ್ತಾಳೆಗೆ ತಾಗಿದ ಕಬ್ಬಿಣದ ಸ್ಕ್ರೂ ಬೇಗ ತಿಂದುಹೋಗುತ್ತದೆ. ಹಿತ್ತಾಳೆ ಮೆದು, ಹಲಸು ಗಟ್ಟಿ. ನೇರವಾಗಿ ತಿರುಗಿಸಿದರೆ ಸ್ಕ್ರೂ ತಲೆಯೇ ಮುರಿಯುತ್ತದೆ. ನಮ್ಮ ಆಚಾರಿಯವರು ಮೊದಲು ಅಷ್ಟೇ ಅಳತೆಯ ಸ್ಟೀಲ್ ಸ್ಕ್ರೂ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದ್ದಕ್ಕೆ ಮೇಣ ಸವರಿ ಕೂರಿಸಿದರು. ಎಷ್ಟು ಚಂದ ಕೆಲಸ ಅಲ್ವಾ! ಈಗ ಚಿಲಕ ಒಂದೇ ಬೆರಳಿಗೆ ಸರಿಯುತ್ತದೆ.