ಕಾಲಿಗೆ ತಕ್ಕ ಶೂ ಬೇಕಾ? ಕಂಪ್ಯೂಟರ್‌ನಲ್ಲಿ ಮೊದಲು ಅಚ್ಚು ಸರಿಮಾಡಿ

ಪಾದದ ತ್ರೀಡಿ ಸ್ಕ್ಯಾನ್ ತೆಗೆಯುವಾಗ ಎರಡೂ ಕಾಲಿನ ಮೇಲೆ ಸಮವಾಗಿ ಭಾರ ಬಿಟ್ಟು ನಿಲ್ಲಿಸಿ. ನಿಂತಾಗ ಪಾದ ಹರಡುತ್ತದೆ, ಅಲ್ವಾ? ಎರಡನ್ನೂ ಸ್ಕ್ಯಾನ್ ಮಾಡಿ, ಒಂದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇನ್ನೊಂದು ಅನ್ನಬೇಡಿ.

ಸ್ಕ್ಯಾನ್ ಬಂತು ಅಂತ ಅದೇ ಆಕಾರದಲ್ಲಿ ಲಾಸ್ಟ್, ಅಂದರೆ ಶೂ ಕಟ್ಟುವ ಅಚ್ಚು, ಮಾಡಿದರೆ ಬೆರಳು ಒತ್ತುತ್ತದೆ. ಬೆರಳ ಮುಂದೆ ಸುಮಾರು 10ರಿಂದ 15 ಮಿ.ಮೀ. ಜಾಗ ಕೊಡಿ, ಹೀಲ್ ಎತ್ತರಕ್ಕೆ ತಕ್ಕಂತೆ ಅಚ್ಚಿನ ತಳ ಬಗ್ಗಿಸಿ, ಆಮೇಲೆ ಹೆಬ್ಬೆರಳ ಬುಡ ಮತ್ತು ಕಿರುಬೆರಳ ಬುಡ ಸೇರಿಸಿ ಸುತ್ತಳತೆಯನ್ನು ಮತ್ತೊಮ್ಮೆ ನೋಡಿ, ಯಾಕಂದ್ರೆ ತಳ ಬಗ್ಗಿಸುವಾಗ ಅದು ಸದ್ದಿಲ್ಲದೆ ಬದಲಾಗುತ್ತದೆ.

ಶೂವಿನ ಮೇಲ್ಭಾಗದ ಗೆರೆಗಳನ್ನು ಅಚ್ಚಿನ ಮೇಲೆಯೇ ಎಳೆದು, ಚಪ್ಪಟೆ ಪ್ಯಾಟರ್ನ್, ಅಂದರೆ ಚರ್ಮ ಕತ್ತರಿಸುವ ನಮೂನೆ, ಮಾಡಿ. ಹೊಲಿಗೆಗೂ ತಳಕ್ಕೆ ಎಳೆದು ಅಂಟಿಸುವುದಕ್ಕೂ ಅಂಚು ಸೇರಿಸಿ. ಚರ್ಮ ಕತ್ತರಿಸುವ ಮೊದಲು ಕಾಗದದಲ್ಲಿ ಕತ್ತರಿಸಿ ಅಚ್ಚಿಗೆ ಸುತ್ತಿ ನೋಡಿ.