ನುಡಿ ಫೈಲಿನೊಳಗಿನ ನಕಲು ಹಿಡಿದದ್ದು ಹೀಗೆ

ಪತ್ರಿಕೆಗೆ ಬರುವ ಲೇಖನ ಬೇರೆಯವರದರ ನಕಲೇ ಎಂದು ನಾನೇ ಕೂತು ಪತ್ತೆ ಮಾಡತೊಡಗಿದಾಗ, ‘ಪೊಲೀಸ್ ಕೆಲಸ ನಮಗ್ಯಾಕೆ ಸಾರ್, ಸಾಫ್ಟ್‌ವೇರ್ ರಿಪೋರ್ಟ್ ಇದೆಯಲ್ಲ’ ಎಂದು ನಮ್ಮ ಸಂಪಾದಕ ಮಂಡಳಿಯಲ್ಲೇ ಮೂವರು ತಕರಾರು ತೆಗೆದಿದ್ದರು. ಈಗ ಅವರೇ ಬೇರೆ ಪತ್ರಿಕೆಗಳವರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದೇಬಿಡುತ್ತೇನೆ.

ನಮ್ಮದು ಕನ್ನಡ ಸಂಶೋಧನಾ ತ್ರೈಮಾಸಿಕ, ಹೆಚ್ಚೆಂದರೆ 600 ಪ್ರತಿ. ಲೇಖಕರಿಂದ ಹಣ ಪಡೆಯುವುದಿಲ್ಲ. ಐದಾರು ವರ್ಷದ ಹಿಂದೆ ಚಂದಾ ಹಣದಲ್ಲೇ ಸುಮಾರು 40 ಸಾವಿರ ಕಟ್ಟಿ ನಕಲು ಹಿಡಿಯುವ ಸಾಫ್ಟ್‌ವೇರ್ ತೆಗೆದುಕೊಂಡೆವು. ಬಂದ ಲೇಖನಕ್ಕೆಲ್ಲ ಹೋಲಿಕೆ ಸೊನ್ನೆ, ಒಂದು, ಎರಡು ಪರ್ಸೆಂಟ್! ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ 10 ಪರ್ಸೆಂಟಿನವರೆಗೆ ಬಿಡುತ್ತದೆ, ನಾವು ಹಿಗ್ಗಿದೆವು. ಆಮೇಲೆ ಕಲಬುರಗಿ ಕಡೆಯ ಓದುಗರೊಬ್ಬರ ಪತ್ರ ಬಂತು. ನಮ್ಮ ಸಂಚಿಕೆಯ 14 ಪುಟ ಅವರ ಪಿಎಚ್‌.ಡಿ. ಪ್ರಬಂಧದ ಮೂರನೇ ಅಧ್ಯಾಯವೇ. ಜೆರಾಕ್ಸ್ ಪ್ರತಿ ಜೊತೆಗಿಟ್ಟಿದ್ದರು, ಸಾಲುಸಾಲಿಗೂ ಕೆಂಪು ಗೆರೆ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಆ ಲೇಖನ ಹಿಂತೆಗೆದುಕೊಂಡು, ಅವರ ಕ್ಷಮೆ ಕೇಳಿದೆವು.

ತಪ್ಪಿದ್ದದ್ದು ಫಾಂಟಿನಲ್ಲಿ. ಲೇಖನಗಳೆಲ್ಲ ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಬರುತ್ತಿದ್ದವು. ನಮ್ಮ ಕಣ್ಣಿಗೆ ಕನ್ನಡ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕೆ ಇಟ್ಟ ಕಲಸುಮೇಲೋಗರ. ಸಾಫ್ಟ್‌ವೇರ್ ಓದುತ್ತಿದ್ದುದು ಅದನ್ನು, ಹಾಗಾಗಿ ಯಾವುದಕ್ಕೂ ಹೋಲಿಕೆ ಸಿಗುತ್ತಿರಲಿಲ್ಲ.

ಲೇಖನಗಳನ್ನು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್ ಕನ್ನಡವನ್ನು ಕನ್ನಡವೆಂದೇ ಓದುವ ರೂಪಕ್ಕೆ, ಪರಿವರ್ತಿಸಿ ಹಾಕಿದೆ. ಈಗ ಇನ್ನೊಂದು ಎಡವಟ್ಟು. ವಚನಗಳ ಬಗ್ಗೆ ಹಿರಿಯರೊಬ್ಬರು ಬರೆದದ್ದು 37 ಪರ್ಸೆಂಟ್ ತೋರಿಸಿತು. ಬಸವಣ್ಣ, ಅಲ್ಲಮರ ವಚನ ಜಾಲತಾಣಗಳಲ್ಲಿ ಎಲ್ಲಿಲ್ಲ? ಆಧಾರ ಕೊಟ್ಟು ಉದ್ಧರಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಿಯಮದಲ್ಲೇ ಇದೆ. ರಿಪೋರ್ಟಿನ ಒಳಗೆ ನೋಡದೆ ವಿವರಣೆ ಕೇಳಿ ಪತ್ರ ಹಾಕಿಬಿಟ್ಟೆ. ಅವರು ಮತ್ತೆ ನಮಗೆ ಬರೆಯಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಮರುವರ್ಷ ಸಾಫ್ಟ್‌ವೇರ್ ಬಿಟ್ಟೆ. ಈಗ ಪರಿವರ್ತಿಸಿ, ಉದ್ಧರಣೆಗಳನ್ನು ತೆಗೆದು, ಏಳು ವಾಕ್ಯ ಆರಿಸಿ, ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕುತ್ತೇನೆ. ಅರ್ಕಾವತ್ತು ಇರುವ ವಾಕ್ಯ ಬೇಡ. ‘ಧರ್ಮ’ವನ್ನು ಎಷ್ಟೋ ಜನ ಒಂಬತ್ತರ ಅಂಕಿ ಹಾಕಿ ‘ಧಮ೯’ ಎಂದು ಟೈಪ್ ಮಾಡಿರುತ್ತಾರೆ, ಹುಡುಕಾಟ ಅಲ್ಲೇ ಮುಗ್ಗರಿಸುತ್ತದೆ. ಏಳು ವಾಕ್ಯ ಲೇಖನದ ಯಾವ ಭಾಗದ್ದು ಎಂಬುದನ್ನು ಮಾತ್ರ ಹೇಳಲಾರೆ, ನಕಲು ಮಾಡುವವರೂ ಇದನ್ನು ಓದುತ್ತಾರೆ. ಆಮೇಲೆ ಪಿಎಚ್‌.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ಅದೇ ವಿಷಯದ ಪ್ರಬಂಧದ ಅಧ್ಯಾಯ ಇಳಿಸಿಕೊಂಡು ಗೂಗಲ್ ಡ್ರೈವ್‌ನ ಓಸಿಆರ್‌ಗೆ (ಪುಟದ ಚಿತ್ರವನ್ನು ಅಕ್ಷರವಾಗಿಸುವ ಸೌಲಭ್ಯ) ಕೊಡುತ್ತೇನೆ. ಒತ್ತಕ್ಷರ ಅಲ್ಲಲ್ಲಿ ಹಾರಿದರೂ ಗುರುತು ಸಿಗುತ್ತದೆ. ಲೇಖನಕ್ಕೆ ಮುಕ್ಕಾಲು ಗಂಟೆ, ಖರ್ಚು ಇಲ್ಲವೆನ್ನುವಷ್ಟು.

ನಡುವೆ ಶಾಸನದ ಅಡಿಟಿಪ್ಪಣಿಗಳ ಹಿಂದೆ ಬಿದ್ದೆ. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಮುದ್ರಣದಲ್ಲಿ ಬೇಲೂರಿನ ಶಾಸನಗಳು 5ನೇ ಸಂಪುಟದಲ್ಲಿವೆ, ಪರಿಷ್ಕೃತದಲ್ಲಿ 9ರಲ್ಲಿ. ಒಂದರ ಸಂಪುಟ, ಇನ್ನೊಂದರ ಶಾಸನಸಂಖ್ಯೆ ಕೂಡಿಸಿದ ಟಿಪ್ಪಣಿ ಕಂಡರೆ ಪುಸ್ತಕ ತೆರೆದೇ ಇಲ್ಲವೆಂದು ಅರ್ಥ. ಒಬ್ಬರಂತೂ ಹಲ್ಮಿಡಿ ಶಾಸನಕ್ಕೆ ಆ ಮಾಲೆಯನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವರ 1902ರ ಸಂಪುಟವನ್ನು ಆಧಾರ ಕೊಟ್ಟಿದ್ದರು. ಆ ಶಾಸನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದೇ 1936ರಲ್ಲಿ!

ನಾವು ಯುಜಿಸಿ ಮಾನ್ಯ ಮಾಡಿದ ಪತ್ರಿಕೆಗಳ ‘ಕೇರ್’ ಪಟ್ಟಿಯಲ್ಲಿದ್ದಾಗ, ದುಡ್ಡು ಕೊಟ್ಟು ಲೇಖನ ಹಾಕಿಸುವ ಏಜೆಂಟರೂ ಫೋನ್ ಮಾಡುತ್ತಿದ್ದರು. ಇಪ್ಪತ್ತು ಲೇಖನ, ಒಂದೊಂದಕ್ಕೆ ಎರಡೂವರೆ ಸಾವಿರ. ಒಂದು ಸಂಚಿಕೆಯ ಮುದ್ರಣ ಪೂರಾ ಮುಗಿಯುವಷ್ಟು ದುಡ್ಡು. ಒಪ್ಪಲಿಲ್ಲ. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಈಗ ಲೇಖನ ಸಾಚಾ ಎಂದು ಹೇಳುವ ಹೊಣೆ ಪೂರ್ತಿ ನಮ್ಮಂಥವರ ಮೇಲಿದೆ.

ಮೂರು ವರ್ಷದಲ್ಲಿ 200ರ ಹತ್ತಿರ ಲೇಖನ ನೋಡಿದ್ದೇನೆ, 35–40 ಸಿಕ್ಕಿಬಿದ್ದಿವೆ. ತಪ್ಪು ಆರೋಪ ಒಂದೂ ಇಲ್ಲ, ಏಕೆಂದರೆ ತೀರ್ಮಾನಕ್ಕೆ ಮೊದಲು ಫೋನ್ ಮಾಡುತ್ತೇನೆ. ಮೈಲಾರಲಿಂಗನ ಭಕ್ತರಾದ ಗೊರವರ ಹಾಡುಗಳ ಬಗ್ಗೆ ಬರೆದಿದ್ದ ಯುವ ಉಪನ್ಯಾಸಕರೊಬ್ಬರನ್ನು ‘ಈ ಹಾಡು ಯಾರ ಮನೆಯಲ್ಲಿ ಕೂತು ಬರೆದುಕೊಂಡಿರಿ?’ ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ‘ಡಿಟಿಪಿ ಅಂಗಡಿಯವರು ಕೊಟ್ಟಿದ್ದು ಸಾರ್. ನಾಲ್ಕು ಸಾವಿರ ಕೊಟ್ಟೆ.’ ಅವರ ಊರಿನಲ್ಲಿ ಗೊರವರಿದ್ದಾರೆಯೇ ಎಂದೆ. ಇದ್ದರು, ಪಕ್ಕದ ಬೀದಿಯಲ್ಲೇ. ಒಂದು ವರ್ಷದ ನಂತರ ಎಂಟು ಪುಟ ಕಳಿಸಿದರು, ಹಾಡಿದವರ ಹೆಸರು, ವಯಸ್ಸು, ಬರೆದುಕೊಂಡ ದಿನ ಎಲ್ಲ ಇತ್ತು. ಯೂನಿಕೋಡ್‌ನಲ್ಲೇ.