ಕಾಯ್ದೆ ನಿಂತ ಜಾಗದಲ್ಲಿ ಬೇಡಿದ್ದು

ಧಾರವಾಡದಲ್ಲಿ ವಕೀಲಿ ಮಾಡುವ ನಾನು ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರದಲ್ಲಿ ಸಂಧಾನಕಾರನಾಗಿಯೂ ಕೂಡುತ್ತೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಂ 2002ರಿಂದ ಜಾರಿಯಲ್ಲಿದ್ದು, ರಾಜಿಗೆ ಆಸ್ಪದವಿದೆಯೆಂದು ಕಂಡ ದಾವೆಗಳನ್ನು ನ್ಯಾಯಾಧೀಶರು ಅದರಡಿ ನಮ್ಮ ಕಡೆಗೆ ಕಳಿಸುತ್ತಾರೆ. ನನ್ನ ಮೇಜಿಗೆ ಬರುವವುಗಳಲ್ಲಿ ಬಹುಪಾಲು ವಾಟ್ನಿಯ ದಾವೆಗಳು, ಅಂದರೆ ಮನೆತನದ ಆಸ್ತಿ ಹಂಚುವ ತಕರಾರುಗಳು: ಕುಂದಗೋಳ, ನವಲಗುಂದದ ಕಡೆಯ ಎರಿ ಹೊಲ, ಒಂದು ಹಳೆಯ ಮನೆ, ಅಣ್ಣತಮ್ಮಂದಿರು, ಈಚಿನ ವರ್ಷಗಳಲ್ಲಿ ಅವರ ಜೊತೆಗೆ ಒಬ್ಬ ಅಕ್ಕ ಅಥವಾ ತಂಗಿ. ಈ ಕೆಲಸದಲ್ಲಿ ನನ್ನ ಓದು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದೆ ದೇವರ ಮುಂದೆ ಹೇಗೆ ಕೈಯೊಡ್ಡುತ್ತೇನೆ ಎಂಬುದನ್ನಷ್ಟೇ ಬರೆಯುತ್ತಿದ್ದೇನೆ. ಸಂಧಾನದ ಕೋಣೆಯ ಮಾತು ಹೊರಗೆ ಹೋಗಬಾರದೆಂಬ ನಿಯಮವಿರುವುದರಿಂದ, ಇಲ್ಲಿ ಬರುವ ಮನೆತನ ಹಲವು ಮನೆತನಗಳನ್ನು ಕಲಸಿ ಮಾಡಿದ್ದು. ಯಾರ ಗುರುತೂ ಅದರಲ್ಲಿಲ್ಲ.

ತಿಳಿಯಬಹುದಾದದ್ದನ್ನೆಲ್ಲ ಮೊದಲು ತಿಳಿದುಕೊಳ್ಳುತ್ತೇನೆ. ಉತಾರದಲ್ಲಿ, ಅಂದರೆ ಹೊಲದ ದಾಖಲೆಯಲ್ಲಿ, ಯಾರ ಹೆಸರಿದೆ, ಪೋಟ್‌ಹಿಸ್ಸಾ, ಅಂದರೆ ಸರ್ವೆ ನಂಬರಿನ ಒಡೆತ, ಆಗಿದೆಯೇ, ಬಾವಿಯ ನೀರಿನ ಪಾಳಿ ಹೇಗೆ ಎಂಬುದನ್ನು ನೋಡುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕವು 1994ರಲ್ಲಿ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರೂ, ಅದು ಜಾರಿಯಾಗುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಮಗಳಿಗೆ ಪಾಲು ಸಿಗಲು ಅದು ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು 2020ರಲ್ಲಿ ಖಚಿತಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ನೋಂದಣಿಯಾದ ವಾಟ್ನಿಗೆ ಧಕ್ಕೆಯಿಲ್ಲ. ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಪುಸ್ತಕ ತೆರೆಯದೆ ಪ್ರಾರ್ಥನೆಗೆ ಕೂಡುವ ವಕೀಲನನ್ನು ನಾನು ಸೋಮಾರಿ ಎಂದೇ ಕರೆಯುತ್ತೇನೆ.

ಆದರೆ ಪಾಲಿನ ಲೆಕ್ಕ ಮುಗಿದ ಮೇಲೂ ಜಗಳ ಮುಗಿಯದಿರುವುದುಂಟು. ತಂಗಿಗೆ ಸಮಪಾಲು ಇದೆಯೆಂದು ಅಣ್ಣನ ವಕೀಲರೂ ಒಪ್ಪಿದ್ದಾರೆ, ಹೊಲದ ಬದಲು ಹಣ ಕೊಡಲು ಅಣ್ಣ ಸಿದ್ಧನಿದ್ದಾನೆ, ಅಂಕಿಯೂ ಹತ್ತಿರ ಬಂದಿದೆ. ಆದರೂ ಆಕೆ ಸಹಿ ಮಾಡಲು ಒಲ್ಲೆನೆನ್ನುತ್ತಾಳೆ, ಏಕೆಂದು ಹೇಳುವುದಿಲ್ಲ. ಇಂಥಲ್ಲಿ ಸುಲಭದ ದಾರಿಗಳು ಇಲ್ಲದಿಲ್ಲ. ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟು ತವರು ಉಳಿಸಿಕೋ ತಾಯಿ ಎಂದು ಹಿರಿಯನಂತೆ ಒತ್ತಾಯಿಸಬಹುದು, ಇಲ್ಲವೇ ಕೈತೊಳೆದುಕೊಂಡು ಕಡತ ಮರಳಿಸಬಹುದು. ಮೊದಲನೆಯದನ್ನು ನಮ್ಮ ಭಾಗದ ಎಷ್ಟೋ ಪಂಚರು ದೇವರ ಹೆಸರು ಹೇಳಿಯೇ ಮಾಡಿದ್ದಾರೆ. ಬಲವಿಲ್ಲದವರ ಬಾಯಿ ಮುಚ್ಚಿಸಿ ತಂದ ಶಾಂತಿಯ ಮೇಲೆ ದೇವರ ಮುದ್ರೆ ಒತ್ತುವುದು ನನಗೆ ಸಮ್ಮತವಿಲ್ಲ.

ನಮ್ಮದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನ್ನಿನ ಸಭೆಯ ಮನೆತನ. ಆ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದಿತು. ಚಿಕ್ಕಂದಿನಿಂದ ಕೇಳಿದ, ಬೈಬಲಿನ ಅರಸ ಸೊಲೊಮೋನನ ಕಥೆ ವಕೀಲನಾದ ಮೇಲೆ ನನಗೆ ಬೇರೆಯೇ ಆಗಿ ಕೇಳಿಸತೊಡಗಿತು. ಗಿಬ್ಯೋನಿನಲ್ಲಿ ಏನು ಬೇಕೋ ಕೇಳಿಕೋ ಎಂದು ದೇವರು ಹೇಳಿದಾಗ ಆ ಅರಸ ದೀರ್ಘಾಯುಷ್ಯವನ್ನಾಗಲಿ, ಐಶ್ವರ್ಯವನ್ನಾಗಲಿ, ಶತ್ರುಗಳ ಪ್ರಾಣವನ್ನಾಗಲಿ ಕೇಳದೆ, ತಾನಿನ್ನೂ ಏನೂ ತಿಳಿಯದ ಚಿಕ್ಕವನೆಂದು ಒಪ್ಪಿಕೊಂಡು, ಜನರ ನ್ಯಾಯ ತೀರಿಸುವ ವಿವೇಕವನ್ನು ಬೇಡಿದ. ಅದರ ಬೆನ್ನಿಗೇ ಒಂದು ಕೂಸಿಗಾಗಿ ಇಬ್ಬರು ಹೆಂಗಸರು ಜಗಳಾಡುತ್ತ ಬರುತ್ತಾರೆ. ಸಾಕ್ಷಿಯಿಲ್ಲ, ಕಾಗದಪತ್ರವಿಲ್ಲ. ಆಗಲೂ ಆಕಾಶವಾಣಿಯೇನೂ ಆಗುವುದಿಲ್ಲ. ಅರಸ ಕತ್ತಿ ತರಿಸುತ್ತಾನೆ, ನಿಜವಾದ ತಾಯಿ ಯಾರೆಂಬುದು ಅವರಿಬ್ಬರ ಮಾತಿನಿಂದಲೇ ಹೊರಬೀಳುತ್ತದೆ. ಅಲ್ಲಿಂದ ನಾನು ದೇವರಲ್ಲಿ ತೀರ್ಮಾನ ಕೇಳುವುದನ್ನು ಬಿಟ್ಟು, ಎದುರಿಗೆ ಕುಳಿತವರನ್ನು ಕೇಳಬೇಕಾದ ಪ್ರಶ್ನೆಯನ್ನು ಬೇಡಲು ಕಲಿತೆ.

ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಮಾತಾಡಿಸುವ ಮುನ್ನ ಎರಡೂ ಕಡೆಯವರನ್ನು ಚಹಾಕ್ಕೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡು, ಕಡತ ಮುಚ್ಚಿ ಕೂಡುತ್ತೇನೆ. ನನಗೆ ತಿಳಿಯದ್ದು ಯಾವುದೆಂಬುದನ್ನು ಬಿಡಿಸಿ ಹೇಳುತ್ತೇನೆ. ಏನೂ ಗೊತ್ತಿಲ್ಲವೆಂದು ಸಾರಾಸಗಟಾಗಿ ಒಪ್ಪಿಕೊಳ್ಳುವುದರಲ್ಲಿ ತೋರಿಕೆಯ ನಮ್ರತೆಯೇ ಹೆಚ್ಚು. ‘ಪಾಲೆಷ್ಟೆಂಬುದು ನನಗೆ ಗೊತ್ತು, ಈಕೆಯ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಗೊತ್ತಿಲ್ಲ, ಏನು ಕೇಳಲಿ ತಿಳಿಸು’ ಎಂದಷ್ಟು ಹೇಳಿ ಸುಮ್ಮನಾಗುತ್ತೇನೆ. ಆ ಸುಮ್ಮನಿರುವುದೇ ಕಷ್ಟದ ಭಾಗ, ಏಕೆಂದರೆ ವಕೀಲನ ತಲೆ ಆಗಲೂ ವಾದ ಹೊಸೆಯುತ್ತಲೇ ಇರುತ್ತದೆ. ಹಾಗೆ ಕುಳಿತಾಗ ಹೊಳೆದದ್ದು ಹೊಲಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆ: ನೀವು ಕಡೆಯ ಸಲ ತವರಿಗೆ ಹೋದದ್ದು ಯಾವಾಗ? ‘ಅಪ್ಪ ಹೋದ ಮ್ಯಾಲೆ ಪಂಚಮಿಗೆ ಕರಿಯಾಕ ಯಾರೂ ಬಂದಿಲ್ರೀ’ ಎಂದಳು. ನಾಗರ ಪಂಚಮಿಗೆ ಅಣ್ಣ ಬಂದು ಕರೆದೊಯ್ಯದಿದ್ದರೆ ಗಂಡನ ಮನೆಯ ಓಣಿಯಲ್ಲಿ ಹೆಣ್ಣುಮಗಳು ತಲೆಯೆತ್ತಿ ನಡೆಯುವುದು ಎಷ್ಟು ಕಷ್ಟವೆಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಆಕೆಯ ಒಪ್ಪಿಗೆ ಪಡೆದು ಆ ಮಾತನ್ನು ಅಣ್ಣನ ಎದುರಿಗೇ ಹೇಳಿಸಿದೆ. ಹಣದ ಅಂಕಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ, ಆಗಲೂಬಾರದಿತ್ತು. ಸಹಿ ಮಾತ್ರ ಆಯಿತು.

ಮನಸ್ಸಿಗೆ ಬಂದದ್ದೆಲ್ಲ ಮೇಲಿನಿಂದಲೇ ಬಂದದ್ದೆಂದು ನಂಬುವುದೂ ಅಪಾಯಕರ. ಬೈಬಲಿನ ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯವು ಮೇಲಿನಿಂದ ಬರುವ ಜ್ಞಾನದ ಲಕ್ಷಣಗಳನ್ನು ಹೇಳುವಾಗ ಪರಿಶುದ್ಧತೆ, ಸಮಾಧಾನಗಳ ಜೊತೆಗೆ ಇನ್ನೊಬ್ಬರ ಮಾತಿಗೆ ಮಣಿಯುವ ಗುಣವನ್ನೂ ಪಕ್ಷಪಾತವಿಲ್ಲದಿರುವುದನ್ನೂ ಸೇರಿಸುತ್ತದೆ. ನನ್ನ ಕೆಲಸಕ್ಕೆ ಈ ಕಡೆಯ ಎರಡು ಬಹಳ ಉಪಯೋಗಕ್ಕೆ ಬಂದಿವೆ. ಹೊಳೆದ ಪ್ರಶ್ನೆ ಒಂದೇ ಪಕ್ಷದ ಕಡೆಗೆ ವಾಲಿದ್ದರೆ ಬಿಟ್ಟುಬಿಡುತ್ತೇನೆ. ಕೇಳಿದ ಮೇಲೆ ಆ ಮಾತು ಬೇಡವೆಂದು ಅವರು ಹೇಳಿದರೆ ಹಟ ಹಿಡಿಯದೆ ಹಿಂದಕ್ಕೆ ಪಡೆಯುತ್ತೇನೆ.

ಪ್ರಾರ್ಥಿಸಿದೆನೆಂದು ಪಕ್ಷಗಾರರಿಗೆ ನಾನು ಹೇಳುವುದಿಲ್ಲ. ಅವರಲ್ಲಿ ಹೆಚ್ಚಿನವರು ಬೇರೆ ಶ್ರದ್ಧೆಯವರು. ಅಲ್ಲದೆ ಸಂಧಾನಕಾರ ದೇವರ ಹೆಸರೆತ್ತಿದರೆ, ಒಪ್ಪಲು ಮನಸ್ಸಿಲ್ಲದವರು ಇಲ್ಲವೆನ್ನಲು ಅಳುಕುತ್ತಾರೆ. ಸಿದ್ಧಾರೂಢರ ಮಠಕ್ಕೆ ನಡೆದುಕೊಳ್ಳುವ ಹುಬ್ಬಳ್ಳಿಯ ಹಿರಿಯ ವಕೀಲರೊಬ್ಬರು ಕೋಣೆಗೆ ಬರುವ ಮೊದಲು ‘ಓಂ ನಮಃ ಶಿವಾಯ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ಅವರೂ ಅದನ್ನು ಹೊರಗೆ ಆಡುವುದಿಲ್ಲ. ಎಷ್ಟು ಹೊತ್ತು ಕುಳಿತರೂ ಏನೂ ಹೊಳೆಯದಿರುವುದೂ ಉಂಟು. ಆಗ ಇನ್ನೊಂದು ತಾರೀಕು ಗೊತ್ತುಮಾಡುತ್ತೇನೆ. ಅದರಿಂದಲೂ ಆಗದಿದ್ದರೆ, ಕಾರಣವನ್ನಾಗಲಿ ನನ್ನ ಅಭಿಪ್ರಾಯವನ್ನಾಗಲಿ ಸೇರಿಸದೆ, ರಾಜಿ ಆಗಲಿಲ್ಲವೆಂದಷ್ಟೇ ಬರೆದು ಕಡತವನ್ನು ನ್ಯಾಯಾಧೀಶರಿಗೆ ಮರಳಿಸುತ್ತೇನೆ.